ಮರೆಯಾಗಿದ್ದ ಸಾಲು

ಆಫೀಸಿನಲ್ಲಿ ಅವಳಿಗೆ ಟೇಬಲಕ್ಕ ಎಂದೇ ಹೆಸರು. ಲಿಫ್ಟು ಯಾವಾಗ ಏರಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡುವ ಕಂಪನಿ ಅದು. ಉಳಿದವರು ಪರದೆಯ ಮೇಲೆ ಡಬ್ಬಿ ಬರೆದು, ಬಾಣ ಎಳೆದು ಶಭಾಷ್ ಎನ್ನಿಸಿಕೊಳ್ಳುತ್ತಿದ್ದರು. ಡಬ್ಬಿಯೊಳಗಿನ ಟೇಬಲ್ ತುಂಬುವ ಕತ್ತೆಚಾಕರಿ ಮಾತ್ರ ಇವಳ ತಲೆಗೆ. ಟೇಬಲ್ ಎಡಿಟರ್ ತೆರೆದರೆ ಸಾಲಿಗೊಂದು ಸಂದರ್ಭ: ಬಾಗಿಲು ತೆರೆದಿದ್ದರೆ ಹೀಗೆ, ಭಾರ ಹೆಚ್ಚಾದರೆ ಹಾಗೆ. ಕೊನೆಯ ಕಾಲಮ್ಮಿನಲ್ಲಿ ‘ಚಲಿಸು’, ಇಲ್ಲವೇ ‘ನಿಲ್ಲು’. ಅದನ್ನು ಓದಿಕೊಂಡೇ ಸಾಫ್ಟ್‌ವೇರ್ ತಯಾರಾಗುತ್ತಿತ್ತು. ಅದರ ಪರೀಕ್ಷೆಗಳೂ ಅದೇ ಟೇಬಲಿನಿಂದ ಹುಟ್ಟುತ್ತಿದ್ದವು. ಉತ್ತರ ಬರೆದವನೇ ಮಾರ್ಕು ಹಾಕಿಕೊಂಡ ಹಾಗಾಯಿತಲ್ಲ ಎಂದು ಅವಳು ಒಮ್ಮೆ ಮೀಟಿಂಗಿನಲ್ಲಿ ನಕ್ಕಿದ್ದಳು. ಮ್ಯಾನೇಜರು ನಗಲಿಲ್ಲ.

ಅವಳ ತಮ್ಮ ಲಿಫ್ಟ್ ಮೆಕ್ಯಾನಿಕ್, ಇವಳ ಕಂಪನಿಯ ಸಾಫ್ಟ್‌ವೇರಿನಿಂದ ಓಡುವ ಲಿಫ್ಟುಗಳನ್ನೇ ರಿಪೇರಿ ಮಾಡುವವನು. ಅವನೂ ಅವನ ಜೊತೆಗಾರನೂ ಒಂದೇ ತಟ್ಟೆಯಲ್ಲಿ ಉಂಡವರು. ಒಂದು ಮಧ್ಯಾಹ್ನ ಜೊತೆಗಾರ ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡುತ್ತಿದ್ದ. ಕೆಳಗಿದ್ದ ಇವಳ ತಮ್ಮ, ರಿಪೇರಿ ಸ್ವಿಚ್ ಹಾಕಿ, ಹಾಕಿದ್ದೇನೆಂದು ಕೂಗಿ ಹೇಳಿದ. ಆ ಸ್ವಿಚ್ ಹಾಕಿದ ಮೇಲೆ ಲಿಫ್ಟು ಜಪ್ಪಯ್ಯ ಎಂದರೂ ಕದಲಬಾರದು. ಕದಲಿತು. ಜೊತೆಗಾರ ಮತ್ತೆ ಮನೆ ಸೇರಲಿಲ್ಲ.

ಹೆಣ ಇಳಿಸುವ ಗಡಿಬಿಡಿಯಲ್ಲಿ ಯಾರೋ ಎಲ್ಲ ಸ್ವಿಚ್ಚುಗಳನ್ನೂ ಆರಿಸಿಬಿಟ್ಟಿದ್ದರು. ಸಾಫ್ಟ್‌ವೇರಿನ ಪರೀಕ್ಷೆಗಳೆಲ್ಲ ಪಾಸಾಗಿವೆ, ಮೆಕ್ಯಾನಿಕ್ಕೇ ಸ್ವಿಚ್ ಮರೆತಿದ್ದಾನೆ ಎಂದು ಕಂಪನಿ ಕೈತೊಳೆದುಕೊಂಡಿತು. ತಮ್ಮ ಮೊದಮೊದಲು ಆಣೆ ಹಾಕಿದ. ಎಲ್ಲರ ಬಾಯಲ್ಲೂ ಅದೇ ಕೇಳಿ ಕೇಳಿ ಅವನಿಗೂ ಅನುಮಾನ ಹತ್ತಿತು.

ಅಕ್ಕ ಟೇಬಲ್ ತೆರೆದು ನೋಡಿದಳು. ಹಿಂದೊಮ್ಮೆ ಫಿಲ್ಟರ್ ಹಾಕಿ, ಬಾಗಿಲು ಮುಚ್ಚಿರುವ ಸಾಲುಗಳನ್ನಷ್ಟೇ ಮುಂದಿಟ್ಟುಕೊಂಡು, ಕೊನೆಯ ಕಾಲಮ್ಮಿಗೆ ‘ಚಲಿಸು’ ಎಂದು ಒಟ್ಟಿಗೆ ಪೇಸ್ಟ್ ಮಾಡಿದ್ದಳು. ಅದು ಕಾಣುವ ಸಾಲುಗಳಿಗಷ್ಟೇ ಅಲ್ಲ, ನಡುವೆ ಮರೆಯಾಗಿದ್ದ ಒಂದು ಸಾಲಿಗೂ ಅಂಟಿಕೊಂಡಿತ್ತು. ಅದೇ ರಿಪೇರಿ ಸ್ವಿಚ್ಚಿನ ಸಾಲು.

ಅವಳು ಅದನ್ನು ‘ನಿಲ್ಲು’ ಎಂದು ಬದಲಿಸಿ, ಸಣ್ಣ ತಿದ್ದುಪಡಿ ಎಂದು ಬರೆದು, ಎಲ್ಲ ಲಿಫ್ಟುಗಳಿಗೂ ಕಳಿಸಿದಳು. ಇನ್ನು ಯಾರೂ ಸಾಯುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಎಂಥ ಸಮಾಧಾನವೋ, ಸುಡುಗಾಡು! ಸತ್ತವನು ಸತ್ತಿದ್ದ, ಬದುಕಿದವನು ಕೊಲೆಗಾರನಾಗಿದ್ದ.

ಮುಂದಿನ ವಾರ ತಮ್ಮ, ಸತ್ತ ಜೊತೆಗಾರನ ಹೆಂಡತಿಯನ್ನು ನೋಡಲು ಹೊರಟ. ಒಬ್ಬನೇ ಹೋಗಲು ಧೈರ್ಯ ಸಾಲದೆ ಅಕ್ಕನನ್ನೂ ಕರೆದ. ಇಕ್ಕಟ್ಟಾದ ಕೋಣೆ, ಬಾಗಿಲ ಹಿಂದೆ ಇನ್ನೂ ತೂಗುತ್ತಿದ್ದ ಸತ್ತವನ ಅಂಗಿ. ತಮ್ಮ ನೆಲಕ್ಕೆ ಕುಸಿದು, ನಿಮ್ಮ ಗಂಡನನ್ನು ಕೊಂದವನು ನಾನೇ ಎಂದು ಒಪ್ಪಿಕೊಂಡ. ಆಕೆ ಬೈಯಲೂ ಇಲ್ಲ, ಅಳಲೂ ಇಲ್ಲ. “ಎದ್ದು ಹೋಗಿ” ಎಂದಳು, ಅಷ್ಟೇ. ಪಕ್ಕದಲ್ಲೇ ಕೂತಿದ್ದ ಅಕ್ಕನಿಗೆ ನಾಲಿಗೆ ಏಳಲಿಲ್ಲ. ಕೆಲಸ ಹೋಗುತ್ತದೆ, ಜೈಲಾಗುತ್ತದೆ ಎಂಬ ಹೆದರಿಕೆ ಇದ್ದದ್ದೇ. ಅದಕ್ಕಿಂತ ಹೆಚ್ಚಾಗಿ, ಆಕೆಯ ಕಣ್ಣು ತನ್ನತ್ತ ತಿರುಗೀತೆಂಬ ಹೆದರಿಕೆ.

ಅಲ್ಲಿಂದ ಬಂದ ಮೇಲೆ ತಮ್ಮ ಅನ್ನ ಬಿಟ್ಟ, ಕೆಲಸ ಬಿಟ್ಟ. ನಾನಿದ್ದು ಏನು ಮಾಡಲಿ ಎನ್ನತೊಡಗಿದ. ಅದನ್ನು ಕೇಳುತ್ತ ಕೂರುವುದು ಅವಳಿಂದ ಆಗಲಿಲ್ಲ. ಒಂದು ಬೆಳಿಗ್ಗೆ ಅವನ ಮುಂದೆ ಕೂತು, “ನೀನು ಸ್ವಿಚ್ ಹಾಕಿದ್ದೆ ಕಣೋ. ತಪ್ಪು ನನ್ನ ಟೇಬಲಿಂದು,” ಎಂದಳು. ಫಿಲ್ಟರು, ಪೇಸ್ಟು, ಸಣ್ಣ ತಿದ್ದುಪಡಿ, ಎಲ್ಲವನ್ನೂ ಹೇಳಿದಳು.

ಅವನು ಅಳುತ್ತಾನೆಂದು ಅವಳು ಕಾದಳು. ಹೊಡೆದರೂ ಸರಿ ಎಂದುಕೊಂಡಳು.

“ಅವ್ರ ಮನೆಗೆ ಹೋದಾಗ ನಿನಗೆ ಗೊತ್ತಿತ್ತಾ?” ಎಂದು ಕೇಳಿದ.

ಅವಳು ತಲೆ ತಗ್ಗಿಸಿದಳು.

ಅವನು ಗೋಡೆ ಹಿಡಿದು ಎದ್ದು, ಗೂಟದಲ್ಲಿದ್ದ ಅಂಗಿ ತೆಗೆದು ತೊಟ್ಟುಕೊಂಡ. ಗುಂಡಿಗಳನ್ನು ಒಂದೊಂದಾಗಿ ಹಾಕಿ, ಬಾಗಿಲು ತೆಗೆದು ನಿಂತ.

“ನಡಿ ಅಕ್ಕ. ಈಗ ನೀನು ಹೇಳು, ನಾನು ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ.”