ಬಲಗೈಯಲ್ಲಿ ಬೀಸಿದ ರಾಗಿಕಲ್ಲು

ಬಸವೇಶ್ವರನಗರದ ಒಂದು ಸಣ್ಣ ಸ್ಟುಡಿಯೊದಲ್ಲಿ ನಾನು ಗ್ರಾಫಿಕ್ ಡಿಸೈನರ್ ಆಗಿ ಸೇರಿದ ಎರಡನೆಯ ವರ್ಷ ಅದು. ವಿಜಯನಗರದ ಹತ್ತಿರದ ಪುಟ್ಟ ಮ್ಯೂಸಿಯಂ ಒಂದು, ಬಡಾವಣೆಗಳಾಗುವ ಮುಂಚೆ ಇಲ್ಲಿದ್ದ ಹಳ್ಳಿಗಳ ಮನೆಬಳಕೆಯ ಸಾಮಾನುಗಳ ಪ್ರದರ್ಶನ ಏರ್ಪಡಿಸಿತ್ತು. ಅದರ ಕರಪತ್ರ ನನ್ನ ಪಾಲಿಗೆ ಬಂತು: ಎರಡು ಮಡಿಕೆ, ಆರು ಪುಟ, ಎರಡು ಸಾವಿರ ಪ್ರತಿ.

ಮುಖಪುಟಕ್ಕೆ ಒಂದು ಕಪ್ಪು-ಬಿಳುಪು ಫೋಟೊ ಕೊಟ್ಟಿದ್ದರು. ಮಾರೇನಹಳ್ಳಿಯ ಜಯಮ್ಮನವರ ತಾಯಿ ಜಗಲಿಯ ಮೇಲೆ ಕೂತು ರಾಗಿ ಬೀಸುತ್ತಿರುವ ಚಿತ್ರ. ತಾಯಿಯ ಫೋಟೊ ಎಂದು ಜಯಮ್ಮನವರ ಬಳಿ ಇದ್ದದ್ದು ಅದೊಂದೇ. ಆ ರಾಗಿಕಲ್ಲನ್ನೂ ಅವರೇ ಪ್ರದರ್ಶನಕ್ಕೆ ಕೊಟ್ಟಿದ್ದರು.

ಚಿತ್ರದಲ್ಲಿ ಆಕೆ ಹಾಳೆಯ ಹೊರ ಅಂಚಿನ ಕಡೆ ನೋಡುತ್ತಿದ್ದರು. ಚಿತ್ರದಲ್ಲಿರುವವರು ಪುಟದ ಒಳಕ್ಕೆ ಮುಖ ಮಾಡಿದ್ದರೆ ಓದುವವರ ಕಣ್ಣೂ ಒಳಕ್ಕೆ ಹೋಗುತ್ತದೆ ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಫೋಟೊವನ್ನು ಫ್ಲಿಪ್ ಮಾಡಿದೆ, ಅಂದರೆ ಕನ್ನಡಿಯಲ್ಲಿ ಕಾಣುವಂತೆ ಎಡಬಲ ಅದಲುಬದಲು. ಒಂದು ಕ್ಲಿಕ್ಕಿನ ಕೆಲಸ. ಜಯಮ್ಮನವರು ಹೇಳಿದ್ದನ್ನೆಲ್ಲ ಮ್ಯೂಸಿಯಂನವರು ಬರೆದು ಕಳಿಸಿದ್ದರು. ಆ ಫೈಲನ್ನು ನಾನು ತೆರೆದೇ ಇರಲಿಲ್ಲ.

ರಾಜಾಜಿನಗರದ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವಾಗ ಮಾಲೀಕರಾದ ನಾಗರಾಜಣ್ಣ ಕನ್ನಡಕ ಏರಿಸಿಕೊಂಡರು. "ಮೇಡಂ, ಈ ಅಮ್ಮನ ಸೆರಗು ಬಲಗಡೆ ಬಂದಿದೆಯಲ್ಲ. ಫೋಟೊ ಉಲ್ಟಾ ಆಗಿಲ್ಲ ತಾನೆ?"

"ಡಿಸೈನ್‌ಗೆ ಹಾಗೇ ಬೇಕು ಅಣ್ಣ. ಸೆರಗನ್ನ ಯಾರು ನೋಡ್ತಾರೆ?"

"ನಾನು ನೋಡಿದ್ನಲ್ಲ!" ಎಂದು ನಕ್ಕರು. ಹಾಗೇ ಅಚ್ಚಾಗಲಿ ಎಂದು ನಾನು ಪ್ರೂಫಿಗೆ ಸಹಿ ಹಾಕಿದೆ.

ಉದ್ಘಾಟನೆಯ ಹಿಂದಿನ ದಿನ ನಾಗರಾಜಣ್ಣನೇ ಕರಪತ್ರದ ಕಟ್ಟುಗಳನ್ನು ಮ್ಯೂಸಿಯಂಗೆ ತಂದಿಳಿಸತೊಡಗಿದರು. ಜಯಮ್ಮ ಒಂದು ಹಳೆಯ ಬಟ್ಟೆಯಿಂದ ತಮ್ಮ ಕಲ್ಲನ್ನು ಒರೆಸುತ್ತಿದ್ದರು. ಮೊದಲ ಪ್ರತಿಯನ್ನು ನಾನೇ ಹೆಮ್ಮೆಯಿಂದ ಅವರಿಗೆ ಕೊಟ್ಟೆ. ಅವರು ತುಂಬ ಹೊತ್ತು ನೋಡಿದರು.

"ಇದ್ಯಾರಮ್ಮ?"

"ನಿಮ್ಮ ತಾಯಿ."

"ನಮ್ಮವ್ವ ಎಡಚಿ ಕಣಮ್ಮ. ಎಡಗೈಲಿ ಬೀಸಿದ ಹಿಟ್ಟು ದೇವ್ರಿಗಾಗಲ್ಲ ಅಂತ ನಮ್ಮಜ್ಜಿ ಸೌದೆ ತಗೊಂಡು ಬಾರಿಸೋಳು. ಆದ್ರೂ ಅವ್ವ ಬಿಡ್ಲಿಲ್ಲ. ಅದು ಕಾಣ್ಲಿ ಅಂತ್ಲೇ ಈ ಫೋಟೊ ಕೊಟ್ಟಿದ್ದು." ಅವರು ಚಿತ್ರದ ಬಲಗೈ ಮೇಲೆ ಬೆರಳಿಟ್ಟರು. "ಅಜ್ಜಿ ಕೈಲಿ ಆಗ್ದಿದ್ದನ್ನ ನೀವು ಮಾಡ್ಬಿಟ್ರಿ."

ಆಗ ನನ್ನ ಬಾಯಿಂದ ಬಂದ ಮಾತನ್ನು ಇವತ್ತಿಗೂ ಬರೆಯಲು ಕಷ್ಟವಾಗುತ್ತದೆ. "ಪ್ರೆಸ್ಸಲ್ಲಿ ಏನೋ ತಪ್ಪಾಗಿರ್ಬೇಕು ಅಮ್ಮ."

ಕೊನೆಯ ಕಟ್ಟು ಹಿಡಿದು ನಾಗರಾಜಣ್ಣ ಬಾಗಿಲಲ್ಲೇ ನಿಂತಿದ್ದರು. ಒಂದು ಕ್ಷಣ ನನ್ನ ಮುಖ ನೋಡಿದರು. "ಹೌದಮ್ಮ, ನಾವು ನೋಡ್ಕೋಬೇಕಿತ್ತು" ಎಂದು ಜಯಮ್ಮನಿಗೆ ಹೇಳಿ, ಕಟ್ಟು ಇಳಿಸಿ ಹೊರಟುಹೋದರು.

ಮನೆಗೆ ಹೋಗಿ ಆ ಫೈಲ್ ತೆರೆದೆ. ತಾಯಿ ಎಡಗೈಯವರು ಎಂಬುದು ಮೊದಲನೆಯ ಸಾಲಿನಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಜಯಮ್ಮನಿಗೆ ನಿಜ ಹೇಳಿದೆ. "ಗೊತ್ತು ಬಿಡಮ್ಮ. ಆ ಪ್ರೆಸ್ಸಿನವ್ರು ನಿಮ್ಮನ್ನ ನೋಡಿದ್ರಲ್ಲ, ಆಗ್ಲೇ ಗೊತ್ತಾಯ್ತು" ಎಂದರು. ಅಷ್ಟೇ. ಆ ದಿನವೆಲ್ಲ ಕಲ್ಲಿನ ಪಕ್ಕ ಕೂತು, ಕರಪತ್ರ ಹಿಡಿದು ಬಂದವರಿಗೆಲ್ಲ, "ಚೀಟಿಲಿರೋ ಕೈ ನಂಬ್ಬೇಡಿ, ಇಲ್ಲಿ ನೋಡಿ" ಎಂದು ಎಡಗೈಯಿಂದ ಗೂಟ ಹಿಡಿದು ಕಲ್ಲು ತಿರುಗಿಸಿ ತೋರಿಸಿದರು. ನಾನು ಎದುರಿನ ಗೋಡೆಗೆ ಒರಗಿ ನಿಂತು ಪ್ರತಿಸಲವೂ ಕೇಳಿಸಿಕೊಂಡೆ.

ಮುಂದಿನ ವಾರ ಸರಿಯಾದ ಕರಪತ್ರ ಅಚ್ಚಾಯಿತು. ನಾಗರಾಜಣ್ಣನ ಕ್ಷಮೆ ಕೇಳಿದಾಗ, "ಅಯ್ಯೋ, ಬಿಡಿ ಮೇಡಂ" ಎಂದು ಮೆಷಿನ್ನಿನ ಕಡೆ ತಿರುಗಿಕೊಂಡರು.

ಈಗ ಯಾರ ಫೋಟೊವನ್ನೂ ತಿರುಗಿಸುವುದಿಲ್ಲ, ಕೊಟ್ಟವರ ಮಾತು ಓದದೆ ಕೆಲಸಕ್ಕೆ ಕೂರುವುದಿಲ್ಲ. ಇವನ್ನು ಯಾರಾದರೂ ಕಲಿಸಬಹುದಿತ್ತು. ತಪ್ಪು ತೋರಿಸುವ ಕಣ್ಣು ಎಷ್ಟು ದೊಡ್ಡ ಆಸ್ತಿ ಎಂಬುದನ್ನು ಮಾತ್ರ ಅದನ್ನು ಕಳೆದುಕೊಂಡು ಕಲಿತೆ. ನಮ್ಮ ಕೆಲಸ ಇವತ್ತಿಗೂ ಅದೇ ಪ್ರೆಸ್ಸಿಗೆ ಹೋಗುತ್ತದೆ. ನಾಗರಾಜಣ್ಣ ಪ್ರೂಫನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಡುತ್ತಾರೆ. "ನೀವು ಹೇಳಿದ ಹಾಗೇ ಹಾಕ್ತೀವಿ ಮೇಡಂ" ಎನ್ನುತ್ತಾರೆ. ಕನ್ನಡಕ ಏರಿಸುವುದಿಲ್ಲ.