ಜೋಳದ ದಿನ ಗಿರಣಿಯಲ್ಲಿ ಸಿಗುವ ದಾನವ್ವ

ಆಂಟಾಪ್ ಹಿಲ್‌ನ ಕೋಳಿಗಳು ದಾನವ್ವ ಎದ್ದ ಮೇಲೆಯೇ ಕೂಗುತ್ತವೆ. ನಂಬದವರು ಬೆಳಕು ಹರಿಯುವ ಮುಂಚೆ ಬಂದು ನೋಡಬಹುದು; ನಾನಂತೂ ನೋಡಿದ್ದೇನೆ, ಮುಂಬೈಯಲ್ಲಿ ನನ್ನಷ್ಟು ಸತ್ಯ ಬರೆಯುವವನು ಇನ್ನೊಬ್ಬ ಹುಟ್ಟಿಲ್ಲ. ಹೆಗಲಲ್ಲಿ ಚೀಲ, ಚೀಲದಲ್ಲಿ ಬಿಪಿ ಮಷಿನ್. ಕಟ್ಟಡದ ಕೆಲಸಕ್ಕೆ ಹೊರಟವರನ್ನು ಚಾಳದ ಬಾಗಿಲಲ್ಲೇ ತಡೆದು, ಮೆಟ್ಟಿಲ ಮೇಲೆ ಕೂರಿಸಿ, ತೋಳಿಗೆ ಪಟ್ಟಿ ಸುತ್ತುತ್ತಾರೆ. ಅಳೆಯುವ ಮೊದಲು ಐದು ನಿಮಿಷ ಮಾತಾಡದೆ ಕೂರಬೇಕೆಂಬುದು ನಿಯಮ. ವಿಜಯಪುರದ ಕಡೆಯ ಹೆಂಗಸರನ್ನು ಐದು ನಿಮಿಷ ಸುಮ್ಮನಿರಿಸುವುದಕ್ಕಿಂತ ಅರಬಿ ಸಮುದ್ರವನ್ನು ಸುಮ್ಮನಿರಿಸುವುದು ಸುಲಭ.

"ಸುಮ್ಮ ಕುಂದರ ನೀಲಾವತಿ," ಎನ್ನುತ್ತಾರೆ ದಾನವ್ವ. "ಅತ್ತಿ ಸುದ್ದಿ ತಗದ್ರ ಬಿಪಿ ಏರತೈತಿ. ಪಟ್ಟಿ ಬಿಚ್ಚಿದ ಮ್ಯಾಲೆ ಬೈಯುವಂತಿ."

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಿಂದ ಮದುವೆಯಾಗಿ ಬಂದ ದಾನವ್ವ, ಗಂಡ ಕಾಶಪ್ಪನ ಜೊತೆ ಸಿಮೆಂಟ್ ಬುಟ್ಟಿ ಹೊತ್ತವರು. ಅವರು ಹೊತ್ತ ಸಿಮೆಂಟಿನಲ್ಲಿ ಇನ್ನೊಂದು ಮುಂಬೈ ಕಟ್ಟಬಹುದಿತ್ತು. ಕುತ್ತಿಗೆ ಹಿಡಿದುಕೊಂಡಾಗ ಬುಟ್ಟಿ ಬಿಟ್ಟರು. ಅದೇ ಹೊತ್ತಿಗೆ ಒಂದು ವೈದ್ಯಕೀಯ ಕಾಲೇಜಿನ ಸಂಶೋಧಕಿ ಡಾ. ವೈಶಾಲಿ ಕಾರ್ಮಿಕರ ರಕ್ತದೊತ್ತಡದ ಅಧ್ಯಯನಕ್ಕೆ ಗಲ್ಲಿ ಬಲ್ಲವರನ್ನು ಹುಡುಕುತ್ತಿದ್ದರು. ದಾನವ್ವನಿಗೆ ಕೆಲಸ ಸಿಕ್ಕಿತು.

ವೈಶಾಲಿ ಮೇಡಂ ಬರೆದ ಪ್ರಬಂಧಗಳನ್ನು ಪೇರಿಸಿಟ್ಟರೆ ಕುತುಬ್ ಮಿನಾರ್ ನೆರಳಿಗೆ ಬೀಳುತ್ತದೆ. ಆದರೆ ಸಂಶೋಧಕರ ಲೋಕದಲ್ಲಿ ಬರೆದರಷ್ಟೇ ಸಾಲದು; ಬೇರೆಯವರು ತಮ್ಮ ಪ್ರಬಂಧದಲ್ಲಿ ನಿಮ್ಮದನ್ನು ಉಲ್ಲೇಖಿಸಬೇಕು. ಮೇಡಂ ಪ್ರಬಂಧಗಳನ್ನು ಅತಿ ಹೆಚ್ಚು ಉಲ್ಲೇಖಿಸಿದವರು ಯಾರು? ಸ್ವತಃ ಮೇಡಂ. ಇದನ್ನು ಅವರೇ ನಗುನಗುತ್ತಾ ಹೇಳುತ್ತಾರೆ.

ಈ ಅಧ್ಯಯನಕ್ಕೆ ಅದೇ ಜನರ ಬಿಪಿಯನ್ನು ಎರಡು ವರ್ಷ ಮತ್ತೆ ಮತ್ತೆ ಅಳೆಯಬೇಕಿತ್ತು. ಕಟ್ಟಡ ಕಾರ್ಮಿಕರು ಒಂದೆಡೆ ನಿಲ್ಲುವವರೇ? ಆಂಟಾಪ್ ಹಿಲ್‌ನಿಂದ ಬಾಂದ್ರಾಕ್ಕೆ, ಅಲ್ಲಿಂದ ಮಲಾಡ್‌ಗೆ. ಬಾಡಿಗೆಯ ಖೋಲಿ ಬದಲು, ಫೋನ್ ನಂಬರೂ ಬದಲು. ಇಂಥ ಅಧ್ಯಯನಗಳಲ್ಲಿ ಮುಗಿಯುವ ಹೊತ್ತಿಗೆ ಮೂರರಲ್ಲೊಂದು ಪಾಲು ಜನ ಮಾಯವಾಗುವುದು ಮಾಮೂಲು. ದಾನವ್ವನ ಕೈಯಿಂದ ಜಾರಿದವರು ಬೆರಳೆಣಿಕೆಯಷ್ಟು.

ಎಡವಟ್ಟಾಗಿದ್ದು ಅಲ್ಲೇ. ಪ್ರಬಂಧ ಕಳಿಸಿದ ವಿದೇಶಿ ಪತ್ರಿಕೆಯ ಪರಿಶೀಲಕರೊಬ್ಬರು ಕೊಂಕು ತೆಗೆದರು: ಮುಂಬೈಯಂಥ ನಗರದಲ್ಲಿ ಇಷ್ಟು ಕಡಿಮೆ ಜನ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ, ಅಂಕಿಗಳು ಕೂತಲ್ಲೇ ಬರೆದಂತಿವೆ. ಹೊರಗಿನವರು ಪರೀಕ್ಷಿಸದೆ ಪ್ರಕಟಿಸುವುದಿಲ್ಲವೆಂದು ಪತ್ರಿಕೆಯೂ ಹೇಳಿತು.

"ಸುಳ್ಳಬುರಕಿ ಅಂದಂಗಾತಲ್ರಿ ನನಗ," ಎನ್ನುವಾಗ ದಾನವ್ವನ ದನಿ ಈಗಲೂ ಇಳಿಯುತ್ತದೆ. "ನನ್ನಿಂದ ಮೇಡಂ ಹೆಸರು ಕೆಡತೈತಿ ಅಂತ ಎರಡು ದಿನ ರೊಟ್ಟಿ ಬಡಿಲಿಲ್ಲ. ಕಾಶಪ್ಪ ಪಾವ್ ತಿಂದ."

ಪರೀಕ್ಷೆಗೆ ಬಂದವರು ಬೇರೆ ಕಾಲೇಜಿನ ಹಿತೇಶ್ ಎಂಬ ಡಾಕ್ಟರು. ಅಧ್ಯಯನದಲ್ಲಿದ್ದವರ ಪೈಕಿ ಮತ್ತೆ ಅಳೆದು ನೋಡಬೇಕಾದ ಹೆಸರುಗಳನ್ನು ತಾವೇ ಆರಿಸಿದರು. ಉಳಿದವರು ಸಿಕ್ಕರು, ಅಣವೀರಪ್ಪನೊಬ್ಬ ಸಿಗಲಿಲ್ಲ. ಫೋನ್ ಬಂದ್. ಬಾಂದ್ರಾದ ಖೋಲಿಯಲ್ಲಿ ಬೇರೆ ಸಂಸಾರ. ಅವನು ಮಲಾಡ್‌ನಲ್ಲಿ ಎದ್ದ ಹೊಸ ಟವರಿನ ಕೆಲಸಕ್ಕೆ ಹೋಗಿದ್ದಾನಂತೆ ಎಂಬ ಗಾಳಿಮಾತು ಬಿಟ್ಟರೆ ಏನೂ ಇಲ್ಲ. ಹಿತೇಶ್ ಕೈಚೆಲ್ಲುವುದರಲ್ಲಿದ್ದರು. ಬುಧವಾರ ತಮ್ಮ ಜೊತೆ ಮಲಾಡ್‌ಗೆ ಬರಬೇಕೆಂದು ದಾನವ್ವ ತಮ್ಮ ಹಿಂದಿಯಲ್ಲಿ ಹೇಳಿದರು.

ಕರೆದೊಯ್ದದ್ದು ಟವರಿಗಲ್ಲ, ಹಿಟ್ಟಿನ ಗಿರಣಿಗೆ. ಖೋಲಿ ಬದಲಿಸಿದ ನಮ್ಮವರು ರೇಷನ್ ಕಾರ್ಡಿಗಿಂತ ಮೊದಲು ಹುಡುಕುವುದು ಜೋಳ ಬೀಸುವ ಗಿರಣಿಯನ್ನು. ಜೋಳ ಬೀಸಿದ ಕಲ್ಲಿಗೆ ಗೋಧಿ ಹಾಕಿದರೆ ಚಪಾತಿಯವರು ಜಗಳಕ್ಕೆ ಬರುತ್ತಾರಾದ್ದರಿಂದ ಗಿರಣಿಯವರು ಜೋಳಕ್ಕೆಂದೇ ವಾರದಲ್ಲೊಂದು ದಿನ ಗೊತ್ತುಮಾಡಿರುತ್ತಾರೆ. ಯಾವ ಗಿರಣಿಯಲ್ಲಿ ಯಾವ ದಿನ ಎಂಬುದು ದಾನವ್ವನ ನಾಲಿಗೆಯ ತುದಿಯಲ್ಲಿದೆ; ಮಲಾಡ್‌ನಲ್ಲಿ ಬುಧವಾರ. ಆ ದಿನ ಅಲ್ಲಿ ಹೋಗಿ ನಿಂತರೆ ಮುಗಿಯಿತು. ಇಡೀ ಉತ್ತರ ಕರ್ನಾಟಕವೇ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿರುತ್ತದೆ!

ಸಾಲಿನ ಕೊನೆಯಲ್ಲಿ ಅಣವೀರಪ್ಪನಿದ್ದ.

"ಇಲ್ಲಿಗೂ ಬಂದ್ಯೇನವಾ ತಂಗಿ?" ಎಂದ. "ನಾ ಎಲ್ಲಿ ಅದೀನಂತ ನಮ್ಮ ಬೀಗರಿಗೂ ಹೇಳಿಲ್ಲ."

"ಬೀಗರಿಗೆ ನಾನೂ ಹೇಳಂಗಿಲ್ಲಣ್ಣಾ. ತೋಳ ಏರಸು."

ಆದರೆ ಗಿರಣಿ ಗುಡುಗುತ್ತಿದೆಯಲ್ಲ, ಐದು ನಿಮಿಷದ ಶಾಂತಿ ಎಲ್ಲಿಂದ ತರುವುದು? ದಾನವ್ವ ಮಾಲೀಕ ಶಶಿಕಾಂತರ ಕಡೆ ನೋಡಿದ್ದೇ ತಡ, ಅವರು ಮಷಿನ್ ನಿಲ್ಲಿಸಿದರು. ಬೋರಲು ಹಾಕಿದ ಡಬ್ಬಿಯ ಮೇಲೆ ಅಣವೀರಪ್ಪ ಕೂತ. ಸಾಲಿನವರೆಲ್ಲ ಬಾಯಿ ಮುಚ್ಚಿದರು. ಆ ಐದು ನಿಮಿಷ ಮಲಾಡ್ ಸ್ಟೇಷನ್ನಿನ ಲೋಕಲ್‌ಗಳೂ ಸದ್ದು ಮಾಡಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ, ನಾನು ಅಲ್ಲಿರಲಿಲ್ಲ ಎನ್ನುವುದೊಂದು ಬಿಟ್ಟರೆ. ಮೈಯೆಲ್ಲ ಹಿಟ್ಟಾಗಿದ್ದ ಹಿತೇಶ್ ತಾವೇ ಪಟ್ಟಿ ಸುತ್ತಿ ಅಳೆದರು. ಆಮೇಲೆ ಬಿದ್ದು ಬಿದ್ದು ನಕ್ಕರು.

ಪ್ರಬಂಧ ಅಚ್ಚಾಯಿತು. ಗಿರಣಿಯ ವಿಷಯವನ್ನು ಮೇಡಂ ಅದರಲ್ಲಿ ವಿವರವಾಗಿ ಬರೆದರು, ಲೇಖಕರ ಸಾಲಿನಲ್ಲಿ ದಾನವ್ವನ ಹೆಸರನ್ನೂ ಸೇರಿಸಿದರು. ಈಗ ಅದನ್ನು ಉಲ್ಲೇಖಿಸದ ದೇಶವೇ ಉಳಿದಿಲ್ಲ. ತಮಾಷೆಯೆಂದರೆ ಹೆಚ್ಚಿನವರು ಉಲ್ಲೇಖಿಸುವುದು ರಕ್ತದೊತ್ತಡಕ್ಕಾಗಿ ಅಲ್ಲ, ಗಿರಣಿಗಾಗಿ. ಎಲ್ಲೋ ಒಬ್ಬರು ಮೀನುಪೇಟೆಯಲ್ಲಿ ತಮ್ಮ ರೋಗಿಗಳನ್ನು ಹುಡುಕಿದರಂತೆ, ಇನ್ನೊಬ್ಬರು ಮೆಕ್ಕೆಜೋಳದ ಗಿರಣಿಯಲ್ಲಿ. ವೈಶಾಲಿ ಮೇಡಂಗೆ ತಮ್ಮನ್ನು ತಾವೇ ಉಲ್ಲೇಖಿಸಿಕೊಳ್ಳುವ ಕಷ್ಟ ತಪ್ಪಿದೆ.

ಇನ್ನೇನು ಆಸೆ ಇದೆ ಎಂದು ದಾನವ್ವನನ್ನು ಕೇಳಿದೆ. ಸಂಶಯಪಟ್ಟ ಆ ಪರಿಶೀಲಕರನ್ನು ಒಮ್ಮೆ ನೋಡಬೇಕಂತೆ. ಪರಿಶೀಲಕರ ಹೆಸರು, ಊರು ಯಾರಿಗೂ ತಿಳಿಸುವುದಿಲ್ಲ, ಸಂಶೋಧನಾ ಪತ್ರಿಕೆಗಳ ಪದ್ಧತಿಯೇ ಅದು, ಯಾರಿಂದಲೂ ಹುಡುಕಲಾಗದು ಎಂದು ನಾನು ವಿವರಿಸಿದೆ.

ದಾನವ್ವ ಚೀಲ ಹೆಗಲಿಗೇರಿಸಿದರು.

"ಅವ್ರು ಏನ್ ತಿಂತಾರ್ರಿ?" ಎಂದರು.