ಸ್ಟುಡಿಯೋ ಕಾಕಾ ತೆಗೆದ ಒಂದೇ ಪಿಕ್ಚರ್

ಸ್ಟುಡಿಯೋ ಕಾಕಾ ಅವರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಚಹಾ ಕುಡಿಯುವಾಗಲೂ ಕ್ಯಾಮೆರಾದೊಳಗಿಂದ ನಮ್ಮನ್ನು ನೋಡುತ್ತಿದ್ದಾರೇನೋ ಅನ್ನಿಸಬೇಕು. ನಿಪ್ಪಾಣಿಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಫೋಟೋ ಸ್ಟುಡಿಯೋ, ಹಿಂದೆ ಮನೆ. ಊರಿಗೆ ವಿಡಿಯೋ ಬಂದಮೇಲೆ ಭೋಜ, ಅಂಕಲಿ, ಚಿಕ್ಕೋಡಿ, ಎಲ್ಲಿ ಮದುವೆಯಾದರೂ ಕಾಕಾನೇ ಬೇಕು. ಮದುಮಗಳನ್ನೂ ಗದರುತ್ತಿದ್ದರು: “ಲಗೂ ಬಾರವಾ, ಲೈಟ್ ಹೊಂಟೈತಿ!”

ಅವರಿಗೊಂದು ಡ್ರೀಮ್ ಇತ್ತು. ಸ್ವಂತ ಪಿಕ್ಚರ್. ಹಾಡಿಲ್ಲ, ಫೈಟಿಲ್ಲ, ವಯಸ್ಸಾದ ಗಂಡ ಹೆಂಡತಿ, ಅವರ ಪ್ರೀತಿ, ಕೊನೆಗೆ ಹೆಂಡತಿಯ ಸಾವು. ಹೀರೋಯಿನ್ ನಾನೇ ಎಂದು ಅವರ ಹೆಂಡತಿ, ನಮ್ಮೆಲ್ಲರ ಕಾಕು, ಹಟ ಹಿಡಿದಿದ್ದರು. ಅರ್ಧ ಶೂಟಿಂಗ್ ಆಗುವಷ್ಟರಲ್ಲಿ ಕಾಕುಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಮಿರಜದ ದೊಡ್ಡ ದವಾಖಾನೆಗೆ ಹೋಗಿ ಬಂದರು. ಇನ್ನೇನೂ ಮಾಡುವ ಹಾಗಿರಲಿಲ್ಲ.

ಕೊನೆಗೆ ಉಳಿದದ್ದು ಸಾವಿನ ಸೀನ್ ಒಂದೇ. ಏಪ್ರಿಲ್ ಬಿಸಿಲು ಅಂಗಳದಲ್ಲಿ ಸುರಿಯುತ್ತಿದ್ದರೂ ಕಾಕಾ ದಿನಾ, “ಇವತ್ತ ಲೈಟ್ ಸರಿ ಇಲ್ಲ” ಎನ್ನುವರು.

“ಲೈಟ್ ಐತಿ, ನಿಮಗ ಧೈರ್ಯ ಇಲ್ಲ,” ಕಾಕು ಛೇಡಿಸಿದರು. “ನಾ ಹೋದಮ್ಯಾಲ ನನ್ನ ಜಾಗಾದಾಗ ಯಾವಾಕಿನ್ನ ಮಲಗಸಾವ್ರ ಅದೀರಿ?”

ಮುತ್ತೈದೆಯ ಹೆಣಕ್ಕೆ ಹಸಿರು ಸೀರೆ, ಹಸಿರು ಬಳೆ, ಮಡಿಲಿಗೆ ಉಡಿ. ಸೀನಿಗೂ ಅದೇ ಬೇಕು. ಓಣಿಯ ಹೆಂಗಸರು ಹಿಂದೆ ಸರಿದರು. “ಜೀವ ಇರೂವಾಗ ಅಂಥಾ ಉಡಿ ತುಂಬೂದಾ? ಬ್ಯಾಡ ಬೇ!”

ಕಾಕು ನನ್ನ ಕೈ ಹಿಡಿದರು. “ನೀ ಸಿಸ್ಟರ್‌ಗೋಳ ಕಡೆ ಕಲ್ತಾಕಿ, ನಿಂಗ್ಯಾವ ಅಪಶಕುನ? ಖರೇ ತುಂಬೂ ಮುಂದ ನಂಗ ನೋಡಾಕ ಸಿಗಂಗಿಲ್ಲ. ಈಗ ಚಂದಂಗ ತುಂಬು.”

ಕಾನ್ವೆಂಟಿನ ಯಾವ ಪಾಠವೂ ಆಗ ನೆರವಿಗೆ ಬರಲಿಲ್ಲ. ಅಕ್ಕಿ, ಕೊಬ್ಬರಿ, ಅರಿಶಿಣದ ಕೊಂಬು ಒಂದೊಂದಾಗಿ ಹಾಕಿದೆ. ಕಾಕು ಕಣ್ಣು ಮುಚ್ಚಿದರು. ಟೇಪ್ ಓಡುತ್ತಲೇ ಇತ್ತು. ಕಾಕಾಗೆ ಕಟ್ ಅನ್ನಲು ಬಾಯಿ ಬರಲಿಲ್ಲ. ಕೊನೆಗೆ ಹೆಣವೇ ಒಂದು ಕಣ್ಣು ತೆರೆದು, “ಆತೇನ್ರಿ? ಮೂಗಿನ್ಯಾಗಿನ ಹತ್ತಿ ತುರಸಾಕತ್ತೈತಿ!” ಎಂದು ನಕ್ಕಿತು.

ಶ್ರಾವಣದಲ್ಲಿ ಕಾಕು ಹೋದರು. ಈ ಸಲ ಓಣಿಯವರೆಲ್ಲ ಬಂದು ಉಡಿ ತುಂಬಿದರು. ಹೊತ್ತು ಮುಳುಗುವುದರೊಳಗೆ ಒಯ್ಯಬೇಕೆಂದು ಗಂಡಸರು ಅವಸರಿಸಿದಾಗ, ಕಾಕಾ ಹೆಂಡತಿಯ ಮುಖದಿಂದ ದೃಷ್ಟಿ ತೆಗೆಯದೆ ಹೇಳಿದರು: “ತಡೀರಿ. ಲೈಟ್ ಇನ್ನೂ ಐತಿ.” ಅವರ ಎರಡೂ ಕಣ್ಣು ಪೂರ್ತಿ ತೆರೆದದ್ದನ್ನು ನಾನು ನೋಡಿದ್ದು ಅವತ್ತೇ.

ಪಿಕ್ಚರನ್ನು ಒಮ್ಮೆ ಅಂಗಳದಲ್ಲಿ ಟಿವಿ ಇಟ್ಟು ತೋರಿಸಿದರು. ಕಾಕುವಿನ ನಗು ಹಾಗೇ ಇತ್ತು.

“ಕಾಕಾ, ಅದನ್ನ ಕಟ್ ಮಾಡ್ರಿ. ಸತ್ತಾಕಿ ನಗತಾಳಲ್ರಿ!” ಎಂದರು ಯಾರೋ.

“ನಗಲಿ ಬಿಡ್ರಿ.”

ತೊಂಬತ್ತರ ದಶಕ ಮುಗಿಯುವ ಮುನ್ನ ಕಾಕಾನೂ ಹೋದರು. ಕ್ಯಾಸೆಟ್ ಏನಾಯಿತೋ ಗೊತ್ತಿಲ್ಲ. ಆದರೆ ನನ್ನ ಯಜಮಾನರು ತೀರಿಕೊಂಡ ಸಂಜೆ ಒಯ್ಯಲು ಎಲ್ಲರೂ ಹಾಗೇ ಅವಸರ ಮಾಡಿದರು. ಜೀವನಪೂರ್ತಿ ಪೊಲೈಟ್ ಆಗಿದ್ದ ನಾನು ಅವರ ಪಕ್ಕದಿಂದ ಏಳಲಿಲ್ಲ.

“ತಡೀರಿ,” ಎಂದೆ. “ಲೈಟ್ ಇನ್ನೂ ಐತಿ.”